ಜುಗೂಳದ ರೂಟರಿಗೆ ಒಂದನೇ ನಂಬರು

ಅಕ್ಕೋಳದ ನೀಲಮಳಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಹೇಳುವವರು ಬಹಳ ಜನ. ಹಾಗೆ ಹೇಳುವವರಲ್ಲಿ ಒಬ್ಬರಾದರೂ ಆಕೆ ನುಂಗಿಕೊಂಡ ಸಿಟ್ಟು ಎಷ್ಟಿದೆ ಎಂದು ಕೇಳಿದವರಲ್ಲ. ಶಿರಗುಪ್ಪಿಯ ಕಡೆಯ ಒಂದು ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಆರು ವರ್ಷ ಗುತ್ತಿಗೆಯ ಮೇಲೆ ನೆಟ್‌ವರ್ಕ್ ಕೆಲಸ ಮಾಡಿದ ಹೆಣ್ಣುಮಗಳು ಆಕೆ. ಆ ಆರು ವರ್ಷದಲ್ಲಿ ಬಾಯಿ ಬಿಟ್ಟು ಜಗಳವಾಡಿದ್ದು ಒಂದೇ ಸಲ, ಅದೂ ಹಬ್ಬದ ದಿನ, ಅದೂ ಇನ್ನೊಬ್ಬರ ದೇವರ ಖೋಲಿಯಲ್ಲಿ ನಿಂತು. ಯಾಕೆ ಆಡಿದಳೆಂದು ತಿಳಿದರೆ, ಅಷ್ಟು ತಡ ಯಾಕೆ ಮಾಡಿದಳೆಂದು ನೀವೇ ಕೇಳುತ್ತೀರಿ.

ಅಪ್ಪ ಲಗಮಪ್ಪ ಕಂಡವರ ಹೊಲದಲ್ಲಿ ದುಡಿದವನು. ಅವ್ವ ಪದ್ಮವ್ವ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಇಪ್ಪತ್ತು ವರ್ಷ ಜರಡಿ ಹಿಡಿದವಳು. ಆ ಘಾಟಿನಲ್ಲಿ ಕೆಮ್ಮುತ್ತ ಕೆಮ್ಮುತ್ತಲೇ ಪದ್ಮವ್ವ ಮಗಳ ಡಿಪ್ಲೊಮಾ ಮುಗಿಸಿದಳು. ಮೊದಲ ಕೆಲಸ ಸಿಕ್ಕಿದ್ದು ಇಂಟರ್ನೆಟ್ ಕೇಬಲ್ ಎಳೆಯುವವರ ಹತ್ತಿರ. ಹುಡುಗಿ ಕಂಬ ಹತ್ತುತ್ತಾಳೇನು ಎಂದು ನಕ್ಕವರು ಕೆಳಗೆ ನಿಂತು ಏಣಿ ಹಿಡಿದರು, ಆಕೆ ಹತ್ತಿದಳು. ಯಾರೋ ಗುಜರಿಗೆ ಹಾಕಿದ ಮೂರು ಹಳೆಯ ರೂಟರುಗಳನ್ನು ಮನೆಗೆ ತಂದು, ಬುದ್ಧನ ಫೋಟೋದ ಕೆಳಗೆ ನೆಲದ ಮೇಲೆ ಹರಡಿ, ಒಂದಕ್ಕೊಂದು ಮಾತಾಡಿಸಲು ಕಲಿತಳು. ಗಂಡನ ಹೆಸರು ಸಮಾಧಾನ, ಚಿಕ್ಕೋಡಿ ಡಿಪೋದಲ್ಲಿ ಬಸ್ ಕಂಡಕ್ಟರ್. ಡ್ಯೂಟಿ ಮುಗಿಸಿ ಬಂದವನು ಇವಕ್ಕೂ ರೊಟ್ಟಿ ಬಡಿಯಬೇಕೋ ಎಂದು ತಮಾಷೆ ಮಾಡುತ್ತಿದ್ದ, ಆಮೇಲೆ ತಾನೇ ರೊಟ್ಟಿ ಬಡಿಯುತ್ತಿದ್ದ.

ಆಕೆ ಕಾರ್ಖಾನೆಗೆ ಬಂದಾಗ ಅಲ್ಲಿನ ನೆಟ್‌ವರ್ಕು ಎತ್ತಿನಗಾಡಿಯ ಕಾಲದ್ದು. ಕಾರ್ಖಾನೆಯಲ್ಲೊಂದು ರೂಟರು, ಅಥಣಿ, ರಾಯಬಾಗ, ಚಿಕ್ಕೋಡಿ, ಅಕ್ಕೋಳ, ಹೀಗೆ ಕಬ್ಬಿನ ಕೇಂದ್ರಗಳಲ್ಲಿ ಒಂದೊಂದು. ರೈತನ ಕಬ್ಬು ಕಡಿಯುವ ಪಾಳಿ ಬಂತೆಂದರೆ ಕಾರ್ಖಾನೆಯಿಂದ ಸಂದೇಶ ಹೋಗಿ ಕೇಂದ್ರದಲ್ಲಿ ಚೀಟಿ ಬರಬೇಕು. ಚೀಟಿ ಇಲ್ಲದೆ ಕಬ್ಬಿಗೆ ಕುಡುಗೋಲು ಬೀಳುವುದಿಲ್ಲ. ರೂಟರೆಂದರೆ ದಾರಿಗಳು ಕೂಡುವಲ್ಲಿ ನಿಂತು, ಯಾವ ಸಂದೇಶ ಯಾವ ಕಡೆಗೆ ಹೋಗಬೇಕೆಂದು ತೋರಿಸುವ ಪೆಟ್ಟಿಗೆ. ಆ ದಾರಿಗಳನ್ನು ಯಾರೋ ಪುಣ್ಯಾತ್ಮ ಕೈಯಾರೆ ಬರೆದಿಟ್ಟು ಹೋಗಿದ್ದ: ಚಿಕ್ಕೋಡಿಗೆ ಹೋಗುವುದಾದರೆ ರಾಯಬಾಗದ ಮೇಲೇ ಹೋಗು, ಬೇರೆ ದಾರಿ ಕೇಳಬೇಡ. ರಾಯಬಾಗದ ಹತ್ತಿರ ಜೆಸಿಬಿ ಕೇಬಲ್ ಕಿತ್ತರೆ ಮುಗಿಯಿತು. ಇನ್ನೊಂದು ಕಡೆಯಿಂದ ಲೈನು ಚೆನ್ನಾಗಿದ್ದರೂ ಸಂದೇಶ ಅಲ್ಲೇ ಹೋಗಿ ತಲೆ ಚಚ್ಚಿಕೊಳ್ಳುತ್ತಿತ್ತು. ನೀಲಮ ಸ್ಕೂಟಿ ಹತ್ತಿ ಊರೂರು ತಿರುಗಿ ದಾರಿ ತಿದ್ದಿ ಬರೆಯಬೇಕು, ಕೇಬಲ್ ಜೋಡಿಸಿದ ಮೇಲೆ ಇನ್ನೊಮ್ಮೆ ತಿರುಗಿ ಇನ್ನೊಮ್ಮೆ ತಿದ್ದಬೇಕು.

ಕಬ್ಬು ನುರಿಸುವ ಒಂದು ಹಂಗಾಮು ಹೀಗೆ ಕಳೆದಳು. ಎರಡನೆಯ ವರ್ಷ ಇಂಜಿನಿಯರ್ ಶಾಂತಿನಾಥರ ಮುಂದೆ ಕೂತು, ದಾರಿ ಹುಡುಕುವುದನ್ನು ರೂಟರುಗಳಿಗೇ ಕಲಿಸೋಣ ಎಂದಳು. ಓಎಸ್‌ಪಿಎಫ್ ಎಂಬ ಒಂದು ಪದ್ಧತಿ ಇದೆ. ಅದನ್ನು ಹಾಕಿದರೆ ಪ್ರತಿ ರೂಟರೂ ಹತ್ತು ಸೆಕೆಂಡಿಗೊಮ್ಮೆ ತನ್ನ ನೆರೆಯದಕ್ಕೆ ‘ಇದ್ದೇನೆ’ ಎನ್ನುತ್ತದೆ. ನಲವತ್ತು ಸೆಕೆಂಡು ದನಿ ಬಾರದಿದ್ದರೆ ನೆರೆಯದು ಇಲ್ಲವೆಂದು ತಿಳಿದು, ಸುದ್ದಿಯನ್ನು ಎಲ್ಲ ಕಡೆಗೂ ಮುಟ್ಟಿಸಿ, ಬೇರೆ ದಾರಿ ಹಿಡಿಯುತ್ತದೆ. ಸೇತುವೆ ಮುಳುಗಿತೆಂದು ಹೊಳೆದಂಡೆಯಿಂದ ಒಂದು ಫೋನು ಬಂದರೆ ನಮ್ಮ ಜನ ಬಸ್ಸು ಬದಲಿಸುವುದಿಲ್ಲವೇ, ಹಾಗೆ. ಶಾಂತಿನಾಥ ಎಲ್ಲ ಕೇಳಿಸಿಕೊಂಡು, ಮಷೀನೇ ಎಲ್ಲ ಮಾಡುವುದಾದರೆ ನಿನಗೆ ಪಗಾರ ಯಾಕೆ ಎಂದರು. ಆಕೆ ಅದನ್ನು ನುಂಗಿದಳು. ನುಂಗಿ, ಕೆಲಸ ಮಾಡಿ ತೋರಿಸಿದಳು. ಆ ಹಂಗಾಮಿನಲ್ಲಿ ಕೇಬಲ್ ಮೂರು ಕಡೆ ಹರಿಯಿತು, ಚೀಟಿ ಒಂದು ದಿನವೂ ನಿಲ್ಲಲಿಲ್ಲ. ವಾರ್ಷಿಕ ಸಭೆಯಲ್ಲಿ ಶಾಂತಿನಾಥರಿಗೆ ಶಾಲು ಹೊದಿಸಿದರು.

ಈ ಪದ್ಧತಿಯಲ್ಲಿ ಒಂದು ಕಟ್ಟುನಿಟ್ಟಿದೆ. ಪ್ರತಿ ರೂಟರಿಗೂ ತನ್ನದೇ ಆದ ನಂಬರು ಬೇಕು. ಅದು ಮರ್ಯಾದೆಯ ನಂಬರಲ್ಲ, ಗುರುತಿನದು. ಒಂದಾದರೇನು, ನೂರಾದರೇನು, ಎರಡಕ್ಕೆ ಒಂದೇ ಇರಬಾರದು, ಅಷ್ಟೆ. ನೀಲಮ ಜೋಡಿಸುತ್ತ ಹೋದ ಕ್ರಮದಲ್ಲೇ ನಂಬರು ಕೊಟ್ಟು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು: ಕಾರ್ಖಾನೆ ಒಂದು, ಅಥಣಿ ಎರಡು, ರಾಯಬಾಗ ಮೂರು, ಚಿಕ್ಕೋಡಿ ನಾಲ್ಕು, ಅಕ್ಕೋಳ ಐದು. ಹೊಳೆದಂಡೆಯ ಜುಗೂಳದಲ್ಲಿ ಕೇಂದ್ರ ತೆರೆದದ್ದು ಎಲ್ಲಕ್ಕಿಂತ ಕೊನೆಗೆ, ಈ ವರ್ಷ ದಸರೆಯ ಹೊತ್ತಿಗೆ. ಅದಕ್ಕೆ ಆರು.

ಜುಗೂಳದ ಕೇಂದ್ರ ನಡೆಯುವುದು ಕಾರ್ಖಾನೆಯ ಡೈರೆಕ್ಟರ್ ಭಾವುಸಾಹೇಬರ ವಾಡೆಯಲ್ಲಿ. ಮಹಾಪೂರದ ವರ್ಷ ಹೊಳೆಯ ನೀರು ಅವರ ಪಡಸಾಲೆಯವರೆಗೆ ಬಂದಿತ್ತು, ಮೂರು ಮೆಟ್ಟಿಲು ಮೇಲಿರುವ ದೇವರ ಖೋಲಿಗೆ ಬಂದಿರಲಿಲ್ಲ. ಆದ್ದರಿಂದ ರೂಟರು, ಬ್ಯಾಟರಿ, ಲ್ಯಾಪ್‌ಟಾಪು ಎಲ್ಲ ದೇವರ ಖೋಲಿಯಲ್ಲಿ ಇರಲಿ ಎಂದು ತೀರ್ಮಾನವಾಯಿತು. ತೀರ್ಮಾನದಲ್ಲಿ ಏನೂ ತಪ್ಪಿಲ್ಲ. ನೀಲಮ ರೂಟರನ್ನು ಎದೆಗವಚಿಕೊಂಡು ಬಂದ ದಿನ ಭಾವುಸಾಹೇಬರು ಬಾಗಿಲಲ್ಲೇ ನಿಂತು ನಗುನಗುತ್ತ ಬರಮಾಡಿಕೊಂಡರು.

“ಬರ್ರಿ ಬಾಯಿ, ಬರ್ರಿ. ಇಲ್ಲೇ ಕಟ್ಟಿ ಮ್ಯಾಲ ಕುಂಡ್ರಿ, ಗಾಳಿ ಚಲೋ ಬರ್ತೈತಿ. ಒಳಗ ನಮ್ಮ ಸೊಸಿ ಅದಾಳ, ಕಲ್ತಾಕಿ. ನೀವು ಹೇಳ್ರಿ, ಆಕಿ ಟೈಪ್ ಮಾಡ್ತಾಳ.”

ಒಳಗೆ ಬರಬೇಡ ಎನ್ನಲಿಲ್ಲ. ಜಾತಿಯ ಮಾತು ತುಟಿಯ ಹತ್ತಿರವೂ ಸುಳಿಯಲಿಲ್ಲ. ಗಾಳಿಯ ಮಾತು ಬಂತು. ಈಗಿನ ದೊಡ್ಡ ಮನೆಗಳು ಕಲಿತಿರುವ ನಾಜೂಕು ಇದು. ಬಾಗಿಲು ಹಾಕುವುದಿಲ್ಲ, ಹೊರಗೆ ಕುರ್ಚಿ ಹಾಕಿಸುತ್ತಾರೆ. ಲೈಟಿನ ಕೆಲಸದ ಬಾಳು ಕಿವಿಗೆ ಬೀಡಿ ಸಿಕ್ಕಿಸಿಕೊಂಡು, ಕಾಲೂ ತೊಳೆಯದೆ, ಪ್ಲಗ್ಗು ಕೂಡಿಸಲು ಅದೇ ದೇವರ ಖೋಲಿಗೆ ಎರಡು ಸಲ ಹೋಗಿ ಬಂದ. ಅವನಿಗೆ ಯಾರೂ ಗಾಳಿಯ ಸುಖ ವಿವರಿಸಲಿಲ್ಲ.

ಹೀಗೆ ನೀಲಮ ದೇವರ ಖೋಲಿಯ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂತು ಒಂದೊಂದೇ ಅಕ್ಷರ ಹೇಳಿದಳು, ಸೊಸೆ ಶೈಲಾ ಒಳಗೆ ಕೂತು ಒತ್ತಿದಳು. ಶೈಲಾ ಬಿಸಿಎ ಓದಿದವಳು, ಬೆರಳು ಚುರುಕು. ನಂಬರಿನ ಸಾಲು ಬಂದಾಗ ನೀಲಮ ಆರು ಎಂದಳು. ಆರು ಯಾಕೆ ಎಂದು ಭಾವುಸಾಹೇಬರು ಕೇಳಿದರು. ಆಕೆ ನೋಟ್‌ಬುಕ್ಕು ತೋರಿಸಿ ವಿವರಿಸಿದಳು. ಅಕ್ಕೋಳ ಐದು, ಜುಗೂಳ ಆರು ಎಂದು ಕೇಳಿ ಅವರ ಮೋರೆ ಹುಳ್ಳಗಾಯಿತು. ಪಲ್ಲಕ್ಕಿಯ ಮುಂದೆ ಮೊದಲ ಕಾಯಿ ಅವರ ಮನೆತನದ್ದು, ಊರ ಪಂಕ್ತಿಯಲ್ಲಿ ಮೊದಲ ಎಲೆ ಅವರದ್ದು, ಹಂಗಾಮು ಸುರುವಾಗುವ ದಿನ ಕಾರ್ಖಾನೆಗೆ ಕಬ್ಬಿನ ಮೊದಲ ಕಟ್ಟು ಹಾಕುವ ಮಾನ ಅವರದ್ದು. ಕೂಲಿಯವನ ಮಗಳು ಬಂದು ತನ್ನೂರಿಗೆ ಐದು ಕೊಟ್ಟು ಅವರೂರಿಗೆ ಆರು ಕೊಟ್ಟರೆ ಹೇಗೆ ಹಿಡಿಸೀತು? ಆದರೂ ಅಂದು ಏನೂ ಅನ್ನಲಿಲ್ಲ. ಚಹಾ ಬಂತು, ಬಾಳುವಿಗೆ ಸ್ಟೀಲಿನ ಲೋಟದಲ್ಲಿ, ನೀಲಮಳಿಗೆ ಕಾಗದದ ಕಪ್ಪಿನಲ್ಲಿ. ಆಕೆ ಅದನ್ನೂ ಕುಡಿದಳು. ಹೊರಡುವಾಗ ಶಾಂತಿನಾಥರ ಅಪ್ಪಣೆಯಂತೆ ರೂಟರಿಗೆ ಹಚ್ಚುವ ಕೇಬಲ್ಲನ್ನೂ ಪಾಸ್‌ವರ್ಡನ್ನೂ ಆ ಮನೆಯಲ್ಲೇ ಬಿಟ್ಟು ಬಂದಳು.

ಮೂರು ವಾರ ಎಲ್ಲ ಸರಿಯಾಗಿ ನಡೆಯಿತು. ದೀಪಾವಳಿಯ ಲಕ್ಷ್ಮೀಪೂಜೆ ಮುಗಿದು ಪಾಡ್ಯದ ದಿನ ಬೆಳಗಾದಾಗ ಇಡೀ ನೆಟ್‌ವರ್ಕಿಗೆ ಹುಚ್ಚು ಹಿಡಿದಿತ್ತು. ಎರಡು ನಿಮಿಷ ಲೈನು ಇದೆ, ಮೂರು ನಿಮಿಷ ಇಲ್ಲ. ಅಥಣಿಯಲ್ಲಿ ಚೀಟಿ ಅರ್ಧ ಬಂದು ನಿಂತಿತು, ಚಿಕ್ಕೋಡಿಯಲ್ಲಿ ಬರಲೇ ಇಲ್ಲ. ಕಬ್ಬು ಕಡಿಯುವ ಟೋಳಿಗಳು ಹೊಲದ ಬದುವಿನ ಮೇಲೆ ಕೈಕಟ್ಟಿ ಕೂತವು. ಕಾರ್ಖಾನೆಯ ಗೇಟಿನಲ್ಲಿ ಚೀಟಿ ತಾಳೆಯಾಗದೆ ತುಂಬಿದ ಟ್ರ್ಯಾಕ್ಟರುಗಳು ರಸ್ತೆಯಲ್ಲಿ ಸಾಲು ಹಚ್ಚಿದವು, ಕಡಿದ ಕಬ್ಬು ಬಿಸಿಲಿಗೆ ಒಣಗತೊಡಗಿತು. ಕಾಗವಾಡದ ನಾಕಾದವರೆಗೆ ಹಾರ್ನಿನ ಸದ್ದು.

ನೀಲಮ ಹಬ್ಬದ ಊಟ ಬಿಟ್ಟು ಓಡಿ ಬಂದಳು. ಕಾರ್ಖಾನೆಯ ರೂಟರು ಪರದೆಯ ಮೇಲೆ ಒಂದೇ ದೂರನ್ನು ಮತ್ತೆ ಮತ್ತೆ ಬರೆಯುತ್ತಿತ್ತು: ನನ್ನ ನಂಬರನ್ನೇ ಹೇಳಿಕೊಳ್ಳುವ ಇನ್ನೊಬ್ಬ ಇದ್ದಾನೆ. ಒಂದನೇ ನಂಬರಿನವು ಎರಡಾಗಿದ್ದವು. ಒಂದು, ಒಂದನೇ ನಂಬರು ನಾನು, ನನ್ನ ದಾರಿಗಳು ಇವು ಎಂದು ಸಾರಿದರೆ, ಇನ್ನೊಂದು ಅದನ್ನು ಅಳಿಸಿ ನಾನೇ ಎಂದು ತನ್ನದನ್ನು ಸಾರುತ್ತಿತ್ತು. ಉಳಿದ ನಾಲ್ಕು ಯಾವುದನ್ನು ನಂಬಬೇಕೆಂದು ತಿಳಿಯದೆ ದಾರಿ ಹಾಕುತ್ತ, ಅಳಿಸುತ್ತ ಸೋತಿದ್ದವು. ಆಕೆ ಒಂದೊಂದೇ ಕೇಂದ್ರವನ್ನು ನೆಟ್‌ವರ್ಕಿನಿಂದ ಬಿಡಿಸುತ್ತ ಬಂದಳು. ಜುಗೂಳವನ್ನು ಬಿಡಿಸಿದ್ದೇ ತಡ, ಎಲ್ಲವೂ ತಣ್ಣಗಾಯಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಕಡೆ ಚೀಟಿ ಬರತೊಡಗಿತು, ಜುಗೂಳವೊಂದನ್ನು ಬಿಟ್ಟು.

ಭಾವುಸಾಹೇಬರ ಕೇಂದ್ರವೇ ಹೊರಗೆ ಉಳಿದರೆ ಸುಮ್ಮನಿರುತ್ತಾರೆಯೇ? ಫೋನಿನ ಮೇಲೆ ಫೋನು ಬಂತು. ಶಾಂತಿನಾಥ ನೀಲಮಳನ್ನು ಕರೆದು ಟೈಪು ಮಾಡಿದ ಕಾಗದವೊಂದನ್ನು ಮುಂದೆ ಸರಿಸಿದರು. ಜುಗೂಳದ ರೂಟರಿಗೆ ತಪ್ಪು ನಂಬರು ಹಾಕಿದ್ದು ನನ್ನ ಅಜಾಗರೂಕತೆಯಿಂದ ಎಂದು ಅದರಲ್ಲಿತ್ತು, ಕೆಳಗೆ ಆಕೆಯ ಹೆಸರು, ಸಹಿಗೆ ಜಾಗ. ಆರು ವರ್ಷ ಗುತ್ತಿಗೆಯಲ್ಲಿ ದುಡಿದವರನ್ನು ಕಾಯಂ ಮಾಡುವ ಪಟ್ಟಿ ಬರುವ ತಿಂಗಳೇ ಬೋರ್ಡಿನ ಮುಂದೆ ಹೋಗಬೇಕಿತ್ತು. ಇಂಥ ಕಾಗದ ಇದ್ದವರ ಹೆಸರು ಆ ಪಟ್ಟಿಗೆ ಏರುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

“ನಾ ಹೇಳಿದ್ದು ಆರು, ಸರ್. ನೋಟ್‌ಬುಕ್ಕಿನ್ಯಾಗ ಐತಿ.”

“ನೋಟ್‌ಬುಕ್ಕು ನಿಂದು, ಬರದ ಕೈಯೂ ನಿಂದು. ಜುಗೂಳದ ಸೆಟ್ಟಿಂಗ್ ಮಾಡಿದಾಕಿ ನೀನ ಹೌದಲ್ಲೋ? ಡೈರೆಕ್ಟರ್ ಸಾಹೇಬರು ಸುಳ್ಳು ಹೇಳ್ತಾರೇನು?”

ನೋಡಿ, ನ್ಯಾಯ ಹೇಗಿದೆ. ಯಂತ್ರ ಮುಟ್ಟುವಾಗ ಆಕೆಯ ಕೈ ಬೇಡ, ತಪ್ಪು ಹೊರುವಾಗ ಆಕೆಯದೇ ಕೈ ಬೇಕು. ನೀಲಮ, ಯಂತ್ರ ನೋಡದೆ ಸಹಿ ಮಾಡುವುದಿಲ್ಲ ಎಂದಷ್ಟೇ ಹೇಳಿದಳು. ಶಾಂತಿನಾಥ ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡರು, ಇಬ್ಬರೂ ಜೀಪಿನಲ್ಲಿ ಜುಗೂಳಕ್ಕೆ ಹೋದರು.

ಅದೇ ವಾಡೆ, ಅದೇ ಕಟ್ಟೆ. ಶಾಂತಿನಾಥರಿಗೆ ಪಡಸಾಲೆಯಲ್ಲಿ ಕುರ್ಚಿ ಬಂತು. ನೀಲಮಳ ಕಾಲುಗಳು ತಾವಾಗಿಯೇ ಕಟ್ಟೆಯ ಕಡೆ ನಡೆದವು, ಕೂತ ಮೇಲೆ ತನ್ನ ಮೇಲೇ ಆಕೆಗೆ ಸಿಟ್ಟು ಬಂತು. ಕಿಟಕಿಯ ಸರಳಿನೊಳಗಿಂದ ರೂಟರು ಕಾಣುತ್ತಿತ್ತು. ಹಣೆಗೆ ಅರಿಶಿನ ಕುಂಕುಮ, ಕೊರಳಿಗೆ ಚೆಂಡು ಹೂವಿನ ಸರ. ಪೂಜೆಯ ಹೊತ್ತಿಗೆ ಇದರ ಸ್ವಿಚ್ಚು ಆರಿಸಿದ್ದಿರೇನು ಎಂದು ಶೈಲಾಳನ್ನು ಕೇಳಿದಳು. ಹೌದು, ಆರಿಸಿ, ಒರೆಸಿ, ಪೂಜೆ ಮಾಡಿ ಮತ್ತೆ ಹಚ್ಚಿದೆವು ಎಂದಳು ಶೈಲಾ.

ನೀಲಮಳಿಗೆ ಆಗ ಹೊಳೆಯಿತು. ಈ ರೂಟರಿಗೆ ಒಂದು ಗುಣವಿದೆ: ನಂಬರು ಬದಲಿಸಿ ಬರೆದಿಟ್ಟರೂ ಆರಿಸಿ ಹಚ್ಚುವವರೆಗೆ ಹಳೆಯ ನಂಬರಿನಲ್ಲೇ ಬದುಕುತ್ತದೆ. ಅಂದರೆ ಯಾರೋ ಮೊದಲೇ ಬದಲಿಸಿಟ್ಟಿದ್ದಾರೆ. ಲಕ್ಷ್ಮೀಪೂಜೆ ಅದನ್ನು ಎಬ್ಬಿಸಿತು, ಅಷ್ಟೆ. ಯಾವಾಗ ಬರೆದದ್ದೆಂದು ರೂಟರಿನಲ್ಲೇ ಇರುತ್ತದೆ. ಉಳಿಸಿಟ್ಟ ಸೆಟ್ಟಿಂಗನ್ನು ತೋರಿಸುವ ಕಮಾಂಡನ್ನು ಶೈಲಾಳಿಂದ ಒತ್ತಿಸಿ, ಮೇಲಿನಿಂದ ಗಟ್ಟಿಯಾಗಿ ಓದಿರಿ ಎಂದಳು. ಶೈಲಾ ಓದುತ್ತ ಬಂದು ನಂ‍ಬರಿನ ಸಾಲು ಮುಟ್ಟಿದಳು. ಅಲ್ಲಿ ಒಂದು ಎಂದಿತ್ತು.

“ಕೇಳಿದ್ರಲ್ಲ ಇಂಜಿನಿಯರ್ ಸಾಹೇಬ್ರ? ಈ ಬಾಯಿ ಅವತ್ತ ಹೇಳಿ ಬರಸಿದ್ದ ಒಂದು,” ಎಂದರು ಭಾವುಸಾಹೇಬರು.

“ವೈನಿ, ಎಲ್ಲಾಕಿಂತ ಮ್ಯಾಲ ಒಂದು ಸಾಲು ಇರ್ತೈತಿ. ಕಡೀಕ ಬದಲಿ ಮಾಡಿದ ತಾರೀಖು. ನೀವು ಅದನ್ನ ಬಿಟ್ಟೀರಿ, ಓದ್ರಿ,” ಎಂದಳು ನೀಲಮ ಶೈಲಾಳಿಗೆ.

ಶೈಲಾ ಪರದೆಯನ್ನು ನೋಡಿದಳು, ಮಾವನನ್ನು ನೋಡಿದಳು. ಅಂಥದ್ದೇನೂ ಇಲ್ಲಿಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿದಳು.

ನೀಲಮ ಎದ್ದಳು. ಆರು ವರ್ಷದ ಸಿಟ್ಟು ಒಮ್ಮೆಲೇ ಕಾಲಿಗೆ ಇಳಿದಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು, ಪಡಸಾಲೆ ದಾಟಿದಳು, ಮೂರು ಮೆಟ್ಟಿಲು ಹತ್ತಿದಳು. ಭಾವುಸಾಹೇಬರು ‘ಬಾಯಿ, ಬಾಯಿ’ ಎನ್ನುತ್ತ ಎದ್ದು ನಿಂತರು, ಅಡ್ಡ ಬರಲು ಮಾತ್ರ ಅವರಿಗೆ ಮಾತು ಸಿಗಲಿಲ್ಲ. ಇಷ್ಟು ದಿನ ಬಾಯಿಬಿಟ್ಟು ಹೇಳದೆ ನಡೆಸಿದ ನಿಷೇಧ ಅದು, ಈಗ ಇಂಜಿನಿಯರನ ಮುಂದೆ ಹೇಗೆ ಹೇಳುವುದು? ನೀಲಮ ಹೊಸ್ತಿಲು ದಾಟಿ ಒಳಗೆ ಹೋದಳು. ಶೈಲಾ ಸರಿದು ಜಾಗ ಕೊಟ್ಟಳು. ಪರದೆಯನ್ನು ಮೇಲಕ್ಕೆ ಎಳೆದರೆ ಮೊದಲ ಸಾಲು ಅಲ್ಲೇ ಇತ್ತು: ಹನ್ನೊಂದು ದಿನದ ಹಿಂದೆ, ಗುರುವಾರ, ಮುಂಜಾನೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷ. ಆಕೆ ಅದನ್ನು ಎರಡು ಸಲ ಓದಿದಳು.

“ಆ ಗುರುವಾರ ನಾ ಎಲ್ಲಿದ್ದೆ ಸರ್? ಅಥಣಿಯಾಗ ನಿಮ್ಮ ಬಾಜೂಕ ನಿಂತಿದ್ದೆ.”

ಉತ್ತರ ಕೊಟ್ಟವರು ಭಾವುಸಾಹೇಬರು, ಅದೂ ತುಸುವೂ ನಾಚದೆ. ಹೌದು, ಸೊಸೆಗೆ ಹೇಳಿ ತಾವೇ ಬದಲಿ ಮಾಡಿಸಿದ್ದಾಗಿ ಒಪ್ಪಿಕೊಂಡರು. ಮೊದಲ ಕಟ್ಟು ಹಾಕುವ ಊರು ಆರನೆಯದಾಗಲು ಏನಾಗಿದೆ, ಒಂದು ನಂಬರು ತಿದ್ದಿದರೆ ಕಾರ್ಖಾನೆ ನಿಲ್ಲುತ್ತದೆಂದು ಯಾರು ಹೇಳಿದ್ದರು ಎಂದು ತಿರುಗಿ ಕೇಳಿದರು. ಶಾಂತಿನಾಥ ಕೂಡಲೇ ತಲೆಯಾಡಿಸಿ, ಆಗಿಹೋಯಿತು ಬಿಡಿ, ಗೊತ್ತಿಲ್ಲದೆ ಆದದ್ದು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದರು.

ಯಾರ ತಪ್ಪೂ ಇಲ್ಲವಂತೆ. ಅರ್ಧ ಗಂಟೆಯ ಹಿಂದೆ ಇದೇ ತಪ್ಪಿಗೆ ಹೆಸರಿತ್ತು, ಊರಿತ್ತು, ಟೈಪು ಮಾಡಿದ ಕಾಗದವಿತ್ತು. ಡೈರೆಕ್ಟರರ ಮನೆಯ ಹೊಸ್ತಿಲು ಮುಟ್ಟಿದೊಡನೆ ಅದೇ ತಪ್ಪು ಅನಾಥವಾಯಿತು.

“ನನ್ನದಾದ್ರ ತಪ್ಪು, ಸಾಹೇಬರದ್ದಾದ್ರ ಯಾರದೂ ಅಲ್ಲೇನ್ರಿ?” ನೀಲಮಳ ದನಿ ವಾಡೆಯ ತೊಲೆಗೆ ತಾಗಿತು. “ಹೊತ್ತ ತಂದಾಕಿ ನಾನು. ಕಲಿಸಿದಾಕಿ ನಾನು. ಕಟ್ಟಿ ಮ್ಯಾಲ ಕುಂಡ್ರಿಸಿ ಗಾಳಿ ಉಣಿಸ್ಕೊಂತ ಕೆಲಸ ಮಾಡಿಸಿದ್ರಿ, ನಾನೂ ಮಾಡಿದೆ, ನಂದೂ ಬುದ್ಧಿ ಎಲ್ಲೋ ಹೋಗಿತ್ತು. ನನ್ನ ಕೈ ಒಳಗ ಬರಬಾರ್ದು, ನನ್ನ ಸಹಿ ಮಾತ್ರ ಬೇಕು ನಿಮಗ. ಸರ್, ಕಿಸೇದಾಗಿನ ಆ ಕಾಗದ ತಗೀರಿ, ನನ್ನ ಮುಂದ ಹರೀರಿ. ಇಲ್ಲಾಂದ್ರ ಜುಗೂಳ ಹಿಂಗ ಹೊರಗ ಇರ್ಲಿ. ಹೊರಗ ಗಾಳಿ ಚಲೋ ಐತಿ.”

ಹೊರಗೆ ರಸ್ತೆಯಲ್ಲಿ ಜುಗೂಳದ ರೈತರು ಚೀಟಿಗಾಗಿ ಕೂಗಾಡುತ್ತಿದ್ದದ್ದು ಒಳಗೆ ಕೇಳುತ್ತಿತ್ತು. ಶಾಂತಿನಾಥ ಭಾವುಸಾಹೇಬರ ಮುಖ ನೋಡಿದರು. ಆ ಮುಖದಿಂದ ಏನೂ ಸಿಗದೆ, ಕಾಗದ ತೆಗೆದು ಎರಡು ಮಾಡಿದರು, ಆಮೇಲೆ ನಾಲ್ಕು. ಭಾವುಸಾಹೇಬರಿಗೆ ತಮ್ಮ ಮನೆಯೊಳಗೆ ನಿಲ್ಲುವ ಜಾಗವೇ ತೋಚಲಿಲ್ಲ. ಹೋಗಿ ಕಟ್ಟೆಯ ಮೇಲೆ ಕೂತರು.

ನೀಲಮ ದೇವರ ಮುಂದಿನ ಚಾಪೆಯ ಮೇಲೆ ಕೂತಳು. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಒಂದನ್ನು ಅಳಿಸಿ ಆರು ಬರೆದಳು. ಒತ್ತಿದ್ದು ತನ್ನದೇ ಕೈ. ಪಾಸ್‌ವರ್ಡು ಬದಲಿಸಿದಳು. ಪ್ರತಿ ರೂಟರಿನಲ್ಲೂ, ಒಳಗೆ ಬರುವವರಿಗೆಲ್ಲ ಮೊದಲು ಕಾಣುವ ಒಂದು ಸಾಲಿಗೆ ಜಾಗವಿರುತ್ತದೆ. ಜುಗೂಳದ್ದರಲ್ಲಿ ಅದು ಖಾಲಿಯಿತ್ತು. ಅಲ್ಲಿ ಏನನ್ನೋ ಬರೆದು, ಎಲ್ಲವನ್ನೂ ಉಳಿಸಿ, ಇನ್ನೊಮ್ಮೆ ಆರಿಸಿ ಹಚ್ಚಿರಿ ಎಂದು ಶೈಲಾಳಿಗೆ ಹೇಳಿದಳು.

ಶೈಲಾ ಹೂವಿನ ಸರವನ್ನು ಸರಿಸಿ ಆರಿಸಿದಳು, ಹಚ್ಚಿದಳು. ನೀಲಮ ಕಾರ್ಖಾನೆಗೆ ಫೋನು ಮಾಡಿ, ಬಿಡಿಸಿಟ್ಟಿದ್ದ ಜುಗೂಳದ ಲೈನನ್ನು ಮತ್ತೆ ಕೂಡಿಸಲು ಹೇಳಿದಳು. ದೀಪಗಳು ಒಂದೊಂದೇ ಹಸಿರಾದವು. ನೆರೆಯ ರೂಟರುಗಳು ಇದ್ದೇನೆ ಎಂದವು, ಇದೂ ಎಂದಿತು. ಪಡಸಾಲೆಯ ಮೇಜಿನ ಮೇಲೆ ಮೊದಲ ಚೀಟಿ ಕರಕರ ಎನ್ನುತ್ತ ಬರತೊಡಗಿತು. ಪರದೆಯ ಮೇಲೆ ಮೊದಲ ಸಾಲು ಬಂತು. ಈ ಸಲ ನೀಲಮ ಓದಿರಿ ಎನ್ನಲಿಲ್ಲ. ಶೈಲಾ ಕಿಟಕಿಯ ಕಡೆ ತಿರುಗಿ, ಕಟ್ಟೆಯ ಮೇಲೆ ಕೂತವರಿಗೆ ಕೇಳುವಷ್ಟು ಗಟ್ಟಿಯಾಗಿ ತಾನೇ ಓದಿದಳು.

“ಜುಗೂಳ, ನಂಬರು ಆರು. ಈ ಖೋಲಿಯೊಳಗೆ ಕೂತು ಜೋಡಿಸಿದವಳು ನೀಲಮ ಲಗಮಪ್ಪ, ಅಕ್ಕೋಳ, ನಂಬರು ಐದು.”

ನೀಲಮ ರೂಟರಿಗೆ ಹಚ್ಚುವ ಕೇಬಲ್ಲನ್ನು ಈ ಸಲ ಅಲ್ಲಿ ಬಿಡದೆ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು.